ನಿಶ್ಚಿತಾರ್ಥದ ಫೋಟೋ ನೋಡಿ ಏನು ಹೇಳಬೇಕು, ಏನು ಕೇಳಿಸಿಕೊಳ್ಳಬೇಕು

(ವಿಶ್ವ ಛಾಯಾಗ್ರಹಣ ದಿನದಂದು ನಮ್ಮ ಕಡೆಯ ಮದುವೆ ಫೋಟೋಗ್ರಾಫರ್‌ಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸರಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಯಾರಾದರೂ ಫೋಟೋ ತೋರಿಸಿದರೆ ಎರಡೇ ಥರದ ಮಾತು ಬರುತ್ತದೆ. ಎದುರಿಗೆ ‘ಸೂಪರ್ ಅಣ್ಣ’. ಅವರು ಆ ಕಡೆ ಹೋದ ಮೇಲೆ ‘ಅದೂ ಒಂದು ಫೋಟೋನಾ?’ ಈ ಎರಡರಿಂದಲೂ ತೆಗೆದವರಿಗೆ ಏನೂ ಸಿಗುವುದಿಲ್ಲ. ಮುಂದಿನ ಆರ್ಡರ್‌ಗೆ ಹೋಗಿ ಮತ್ತೆ ಅದನ್ನೇ ಮಾಡುತ್ತಾರೆ. ಹತ್ತು ವರ್ಷ ಕ್ಯಾಮೆರಾ ಹಿಡಿದರೂ ಒಂದೇ ಪೋಸು, ಎಡಿಟಿಂಗಿಗೆ ಒಂದೇ ರೆಡಿಮೇಡ್ ಪ್ರಿಸೆಟ್ಟು. ಅದಕ್ಕೆ ಅವರೊಬ್ಬರೇ ಕಾರಣ ಅಲ್ಲ. ನೋಡಿಯೂ ಹೇಳದ ನಾವೂ ಕಾರಣ.

ಇವತ್ತು ನಿಶ್ಚಿತಾರ್ಥದ ಫೋಟೋ ಬಗ್ಗೆಯೇ ಮಾತಾಡುತ್ತೇನೆ. ಅದರ ಆಚೀಚೆ ನಡೆಯುವ ಪ್ರೀ ವೆಡ್ಡಿಂಗ್ ಶೂಟ್ ಕೂಡ ಇದರಲ್ಲೇ ಸೇರಿಸಿಕೊಳ್ಳಿ. ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಮದುವೆಯ ದಿನ ಶಾಸ್ತ್ರವೇ ನಮ್ಮನ್ನು ನಡೆಸುತ್ತದೆ. ಧಾರೆ, ಮಾಂಗಲ್ಯ, ಸಪ್ತಪದಿ ಒಂದರ ಹಿಂದೆ ಒಂದು ಬರುತ್ತವೆ, ನಾವು ಹಿಂದೆ ಓಡುತ್ತೇವೆ. ಹೊಗೆ ಬಂತು, ಪುರೋಹಿತರು ಅಡ್ಡ ಬಂದರು, ಮಾವ ಮೊಬೈಲ್ ಹಿಡಿದು ಮುಂದೆ ನಿಂತರು ಅಂತ ಕಾರಣ ಕೊಡಬಹುದು. ಜೋಡಿಯನ್ನು ಮಾತ್ರ ಕರೆದುಕೊಂಡು ಹೋಗಿ ತೆಗೆಯುವ ಫೋಟೋದಲ್ಲಿ ಆ ಕಾರಣಗಳಿಲ್ಲ. ಜಾಗ ನಾವು ಹೇಳಿದ್ದು. ಹೊತ್ತು ನಾವು ಹೇಳಿದ್ದು. ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು, ಯಾವ ಕಡೆ ನೋಡಬೇಕು, ನಗಬೇಕಾ ಬೇಡವಾ, ಎಲ್ಲ ನಮ್ಮ ಬಾಯಿಂದಲೇ ಹೋಗುತ್ತದೆ.

ಹಾಗಾಗಿ ನನ್ನದು ಒಂದೇ ಮಾತು. ಜೋಡಿಯ ಫೋಟೋ ನೋಡಿ ಮಾತಾಡುವಾಗ ಜೋಡಿಯ ಬಗ್ಗೆ ಮಾತಾಡಬೇಡಿ. ಫೋಟೋಗ್ರಾಫರ್ ಅಲ್ಲಿ ಏನು ಮಾಡಿದರು, ಏನು ಮಾಡಬಹುದಿತ್ತು, ಅದನ್ನು ಹೇಳಿ.

ಪರದೆ ಮೇಲೆ ಒಂದು ಫೋಟೋ ಹಾಕಿದ್ದೇನೆ, ನೋಡಿ. ಜೋಡಿಯನ್ನೂ ತೆಗೆದವರನ್ನೂ ಕೇಳಿಯೇ ತಂದಿದ್ದೇನೆ. ಜಾಗ ನಿಮಗೆಲ್ಲ ಗೊತ್ತು, ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ನಾವು ಹೋಗುತ್ತೇವೆ. ಛಾವಣಿ ಇಲ್ಲ, ಎತ್ತರದ ಗೋಡೆ, ಕಮಾನುಗಳು. ಹುಡುಗಿ ಸಾಸಿವೆ ಬಣ್ಣದ ಲಂಗ ದಾವಣಿ ಹಾಕಿದ್ದಾಳೆ. ಹುಡುಗ ಬಿಳಿ ಅಂಗಿ, ಪಂಚೆ. ಅವನ ಬಲಗೈ ಅವಳ ಸೊಂಟದ ಮೇಲಿದೆ. ಇಬ್ಬರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ.

ಏನನ್ನಿಸುತ್ತದೆ ಹೇಳಿ ಅಂದೆ. ನಿಮ್ಮಿಂದ ಬಂದ ಮಾತು ಇವು: ‘ಆಕಾಶ ಬರ್ನ್ ಆಗಿದೆ’ (ಬೆಳಕು ಹೆಚ್ಚಾಗಿ ಬರೀ ಬಿಳಿ ಕಾಣುತ್ತದೆ ಅಂತ), ‘ಎಡಗಡೆ ಕ್ರಾಪ್ ಮಾಡಬೇಕಿತ್ತು’, ‘ಕಲರ್ ಸಖತ್ತಾಗಿದೆ’, ‘ಇಬ್ಬರ ನಡುವೆ ಕೆಮಿಸ್ಟ್ರಿ ಇಲ್ಲ’. ಈ ಕೊನೆಯ ಮಾತಿಗೆ ಬಹಳ ಜನ ತಲೆ ಆಡಿಸಿದಿರಿ.

ಆಮೇಲೆ ನಾನು ಇನ್ನೊಂದು ಕೇಳಿದೆ. ಅಭಿಪ್ರಾಯ ಬೇಡ, ಕಣ್ಣಿಗೆ ಕಾಣುವುದನ್ನು ಮಾತ್ರ ಹೇಳಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಹೇಳಿದರು: ‘ಹುಡುಗಿ ಭುಜ ಮೇಲೆತ್ತಿದ್ದಾಳೆ.’ ಹೌದು. ಬಲಭುಜ ಕಿವಿಯ ಕಡೆ ಎದ್ದಿದೆ. ಇನ್ನೊಬ್ಬರು ಹೇಳಿದರು, ಹುಡುಗನ ಬೆರಳು ಮರಗಟ್ಟಿದ ಹಾಗಿದೆ ಅಂತ. ಅದೂ ನಿಜ. ಅಂಗೈ ದಾವಣಿಗೆ ತಾಗಿಯೇ ಇಲ್ಲ, ಬೆರಳ ತುದಿ ಮಾತ್ರ ತಾಗಿದೆ. ಕೈ ಇಡು ಅಂದಿದ್ದಾರೆ, ಇಟ್ಟಿದ್ದಾನೆ. ಅವನಿಗೂ ಮುಜುಗರ, ಅವಳಿಗೂ ಮುಜುಗರ. ನಗು ಬಾಯಲ್ಲಿದೆ, ಕತ್ತು ಬಿಗಿದಿದೆ.

ಈಗ ‘ಕೆಮಿಸ್ಟ್ರಿ ಇಲ್ಲ’ ಅನ್ನುವ ಮಾತನ್ನು ಇನ್ನೊಂದು ಸಲ ನೋಡಿ. ಅದು ಆ ಇಬ್ಬರ ಮೇಲೆ ಕೊಟ್ಟ ತೀರ್ಪು. ನಮ್ಮ ಕಡೆ ನಿಶ್ಚಿತಾರ್ಥ ಆಗುವ ಎಷ್ಟೋ ಜೋಡಿ ಅದಕ್ಕೆ ಮುಂಚೆ ಭೇಟಿ ಆಗಿರುವುದೇ ಮೂರೋ ನಾಲ್ಕೋ ಸಲ. ಅದರಲ್ಲಿ ಒಂದು ಸಲ ಹೆಣ್ಣು ನೋಡುವ ಶಾಸ್ತ್ರ, ಸುತ್ತ ಹತ್ತು ಜನ. ಫೋನಲ್ಲಿ ಮಾತಾಡಿರುತ್ತಾರೆ, ಅಷ್ಟೇ. ಅವರು ಹುಷಾರಾಗಿ, ಸ್ವಲ್ಪ ದೂರ ಇಟ್ಟುಕೊಂಡೇ ನಿಲ್ಲುವುದು ಸಹಜ. ಆ ದೂರ ತಪ್ಪಲ್ಲ. ಅದನ್ನು ನೋಡಿ ಫೋಟೋ ತೆಗೆಯದೆ, ಮೊಬೈಲಲ್ಲಿ ನೋಡಿದ ಇನ್ಯಾರದೋ ಪೋಸನ್ನು ಇವರ ಮೇಲೆ ಹೊರಿಸಿದ್ದು ಫೋಟೋಗ್ರಾಫರ್. ಅದನ್ನು ಹೇಳಬೇಕು.

ಹೇಗೆ ಹೇಳುವುದು? ‘ಅವಳ ಭುಜ ಎದ್ದಿದೆ, ಅವನ ಕೈ ಅವಳಿಗೆ ಹಿತವಾಗಿಲ್ಲ ಅನ್ನಿಸುತ್ತೆ. ಎಲ್ಲಿ ಹಿಡಿಯಬೇಕು ಅನ್ನುವುದನ್ನು ಹುಡುಗಿಗೇ ಬಿಟ್ಟಿದ್ದರೆ? ಅವಳೇ ಅವನ ತೋಳು ಹಿಡಿದುಕೊಳ್ಳಲಿ ಅಂದಿದ್ದರೆ?’ ಅಷ್ಟು ಸಾಕು. ಕಂಡದ್ದು ಒಂದು ವಾಕ್ಯ, ಅದರಿಂದ ತೋಚಿದ್ದು ಒಂದು ವಾಕ್ಯ, ಆ ದಿನ ಆ ಜಾಗದಲ್ಲೇ ಮಾಡಬಹುದಾಗಿದ್ದು ಒಂದು ವಾಕ್ಯ. ಇದನ್ನು ಕೇಳಿದ ಫೋಟೋಗ್ರಾಫರ್ ನಾಳೆ ಬೆಳಿಗ್ಗೆ ಇನ್ನೊಂದು ಜೋಡಿಗೆ ಇದನ್ನು ಮಾಡಿ ನೋಡಬಹುದು. ಕೆಮಿಸ್ಟ್ರಿ ಇಲ್ಲ ಅಂದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅವರು?

ಆಕಾಶ ಬರ್ನ್ ಆಗಿದೆ ಅನ್ನುವುದಕ್ಕೂ ಇದೇ ರೀತಿ. ಆಗಿದೆ, ಸರಿ. ಯಾಕೆ ಆಯಿತು? ನೆರಳು ನೋಡಿ, ಕಾಲ ಬುಡದಲ್ಲೇ ಬಿದ್ದಿದೆ. ನಡು ಮಧ್ಯಾಹ್ನ. ಛಾವಣಿ ಇಲ್ಲದ ಕಟ್ಟಡ, ಬಿಸಿಲು ನೇರ ತಲೆ ಮೇಲೆ. ಕಣ್ಣಿನ ಗುಳಿಯಲ್ಲಿ ಕಪ್ಪು. ಆ ಕಪ್ಪು ಎತ್ತಲು ಎಕ್ಸ್‌ಪೋಷರ್ ಜಾಸ್ತಿ ಮಾಡಿದ್ದಾರೆ, ಅಂದರೆ ಕ್ಯಾಮೆರಾಗೆ ಬೆಳಕು ಹೆಚ್ಚು ಬಿಟ್ಟಿದ್ದಾರೆ, ಆಕಾಶವೂ ಹುಡುಗನ ಬಿಳಿ ಅಂಗಿಯೂ ಹೋಯಿತು. ಅಂಗಿಯ ಮಡಿಕೆಗಳೇ ಕಾಣುತ್ತಿಲ್ಲ. ಇದಕ್ಕೆ ಲೈಟ್‌ರೂಮ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಪರಿಹಾರ ಹುಡುಕುವ ಮೊದಲು, ಅದೇ ಗೋಡೆಯ ನೆರಳಿನ ಕಡೆಗೆ ನಾಲ್ಕು ಹೆಜ್ಜೆ ಸರಿದಿದ್ದರೆ ಅಂತ ಕೇಳಬೇಕು. ಹಳೇ ಗಾರೆ ಗೋಡೆ ಬಿಸಿಲನ್ನು ಎಷ್ಟು ಚೆನ್ನಾಗಿ ಮೆತ್ತಗೆ ವಾಪಸ್ಸು ಕೊಡುತ್ತದೆ ಗೊತ್ತಾ? ರಿಫ್ಲೆಕ್ಟರ್ ಬೇಡವೇ ಬೇಡ. ಹುಲ್ಲಿನ ಮೇಲೆ ನಿಲ್ಲಿಸಿದಾಗ ಇದರ ಉಲ್ಟಾ, ಹುಲ್ಲು ಹಸಿರು ಬೆಳಕನ್ನೇ ಮುಖಕ್ಕೆ ಎಸೆಯುತ್ತದೆ. ಲಾಲ್‌ಬಾಗು, ಕಬ್ಬನ್ ಪಾರ್ಕಿನಲ್ಲಿ ತೆಗೆದ ಫೋಟೋಗಳಲ್ಲಿ ಗಲ್ಲದ ಕೆಳಗೆ ಹಸಿರು ಛಾಯೆ ಎಷ್ಟು ಸಲ ನೋಡಿಲ್ಲ ನೀವು.

ಲೆನ್ಸ್ ಬಗ್ಗೆ ಒಂದು ವಿಷಯ ಹೇಳಲೇಬೇಕು. 85 ಎಂಎಂ ಲೆನ್ಸ್ ತಗೊಂಡ ಹೊಸತರಲ್ಲಿ ಎಲ್ಲರೂ ಎಫ್ 1.4ರಲ್ಲೇ, ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದೇ ತೆಗೆಯುತ್ತಾರೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ, ಜೋಡಿ 2 ಮೀಟರ್ ದೂರ ಅಂದರೆ ಶಾರ್ಪ್ ಆಗಿ ಸಿಗುವ ಜಾಗ ಸುಮಾರು 4-5 ಸೆಂಟಿಮೀಟರ್. ಒಬ್ಬರ ಮುಖಕ್ಕೆ ಅದು ಸಾಕಾಗಬಹುದು. ಇಬ್ಬರು ಒಬ್ಬರ ಹಿಂದೆ ಒಬ್ಬರು ನಿಂತರೆ ಸಾಕಾಗಲ್ಲ. ನಾನು ನೋಡಿದ ಎಷ್ಟೋ ಆಲ್ಬಂಗಳಲ್ಲಿ ಒಬ್ಬರ ಕಣ್ಣು ಶಾರ್ಪು, ಇನ್ನೊಬ್ಬರದು ಮಂಜು. ಅದು ಬೇಕೆಂದೇ ಮಾಡಿದ್ದಾ, ತಾನಾಗಿ ಆದದ್ದಾ ಅಂತ ಕೇಳಿ. ಬೇಕೆಂದೇ ಮಾಡಿದ್ದರೆ ಫೋಟೋಗ್ರಾಫರ್ ತಕ್ಷಣ ಕಾರಣ ಹೇಳುತ್ತಾರೆ. ಇಬ್ಬರ ಮುಖವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿ ಬರುವ ಹಾಗೆ ನಿಲ್ಲಿಸಿ, ಇಲ್ಲಾ ಲೆನ್ಸಿನ ಬಾಯಿ ಕಿರಿದು ಮಾಡಿ ಎಫ್ 4ಕ್ಕೆ ಹೋಗಿ, ಆಗ 12-13 ಸೆಂಟಿಮೀಟರ್ ಸಿಗುತ್ತದೆ. ನಿಶ್ಚಿತಾರ್ಥ ಇಬ್ಬರದು ಅಲ್ವಾ. ಒಬ್ಬರನ್ನು ಮಬ್ಬಾಗಿಸಿದರೆ ಅದು ಏನನ್ನೋ ಹೇಳುತ್ತದೆ, ನಾವು ಹೇಳಬೇಕು ಅಂದುಕೊಳ್ಳದೇ ಇದ್ದರೂ.

ಈಗ ನನಗೆ ತುಂಬಾ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ಬಣ್ಣ. ಚರ್ಮದ ಬಣ್ಣ.

ಆಲ್ಬಂ ಕೈಗೆ ಬಂದಾಗ ಮೊದಲು ಹುಡುಗಿಯ ಮುಖ ನೋಡಿ, ಆಮೇಲೆ ಕೈ ನೋಡಿ. ಉಂಗುರ ತೊಡಿಸುವ ಫೋಟೋದಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ. ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಯಾಕೆ? ಎಡಿಟಿಂಗ್ ಮಾಡಿದವರು ಮುಖ ಬೆಳ್ಳಗೆ ಮಾಡಿ, ಕೈ ಮರೆತಿದ್ದಾರೆ. ಮೂಗಿನ ಪಕ್ಕದ ನೆರಳು ಹೋಗಿದೆ, ಗಲ್ಲದ ಮೇಲಿದ್ದ ಸಣ್ಣ ಮಚ್ಚೆ ಹೋಗಿದೆ. ಆ ಮಚ್ಚೆ ಅವಳ ಅಮ್ಮನಿಗೂ ಇದೆ, ಅದೇ ಫೋಟೋದಲ್ಲಿ ಹಿಂದೆ ನಿಂತಿದ್ದಾರೆ ನೋಡಿ. ಆ ಮನೆಯವರಿಗೆ ಅದು ಗೊತ್ತಾಗಲ್ಲ ಅಂದುಕೊಂಡಿರಾ?

‘ಸಾರ್, ಪಾರ್ಟಿಯವರೇ (ಫೋಟೋ ತೆಗೆಸಿಕೊಳ್ಳುವವರೇ) ಬೆಳ್ಳಗೆ ಮಾಡಿ ಅಂತಾರೆ’ ಅನ್ನುತ್ತೀರಿ. ಕೆಲವರು ಅನ್ನುತ್ತಾರೆ, ಇಲ್ಲ ಅನ್ನಲ್ಲ. ಆದರೆ ಕೇಳದೇ ಇದ್ದವರಿಗೂ ನಾವೇ ಮಾಡಿ ಕೊಡುತ್ತೇವಲ್ಲ, ಅದು ಯಾರ ತೀರ್ಮಾನ? ಇಲ್ಲಿ ತಾಂತ್ರಿಕ ಕಾರಣವೂ ಇದೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎದುರಿಗೆ ಕಂಡದ್ದನ್ನೆಲ್ಲ ಮಧ್ಯಮ ಬೂದು ಮಾಡಲು ನೋಡುತ್ತದೆ. ಹಿಂದೆ ಬಿಳಿ ಹೂವಿನ ಬ್ಯಾಕ್‌ಡ್ರಾಪ್, ಮೇಲೆ ಎಲ್‌ಇಡಿ ಲೈಟು, ಜರಿ ಸೀರೆಯ ಹೊಳಪು. ಮೀಟರ್ ಇದನ್ನೆಲ್ಲ ನೋಡಿ ಎಕ್ಸ್‌ಪೋಷರ್ ಇಳಿಸುತ್ತದೆ. ಎಣ್ಣೆಗೆಂಪು ಮುಖವಾದರೆ ಇನ್ನೂ ಕಪ್ಪಾಗಿ, ಸಪ್ಪೆಯಾಗಿ ಬರುತ್ತದೆ. ಆ ಸಪ್ಪೆತನ ಚರ್ಮದ್ದಲ್ಲ, ನಮ್ಮ ಎಕ್ಸ್‌ಪೋಷರ್‌ದು. ಮುಖದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್ ಹಿಡಿದು, ಬೆಳಕು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್ ಒಂದು ಪಕ್ಕಕ್ಕೆ ತಂದು, ನೆರಳಿಗೆ ಜಾಗ ಬಿಟ್ಟು ತೆಗೆದರೆ ಅದೇ ಕಪ್ಪು ಚರ್ಮ ಎಷ್ಟು ಚೆಂದ ಹೊಳೆಯುತ್ತದೆ. ವಿಮರ್ಶೆ ಮಾಡುವಾಗ ‘ಸ್ಕಿನ್ ಕ್ಲೀನ್ ಆಗಿದೆ’ ಅಂತ ಹೊಗಳುವ ಮುಂಚೆ ಎಡಿಟ್ ಮಾಡುವ ಮುಂಚಿನ ರಾ ಫೈಲ್ ತೋರಿಸಿ ಅಂತ ಕೇಳಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮಾತು ತಾನಾಗಿಯೇ ಸರಿಯಾಗುತ್ತದೆ.

ಎದುರಿಗೆ ಕೂತು ಫೋಟೋ ನೋಡಿ ಮಾತಾಡುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಶುರುವಾದದ್ದು 1953ರಲ್ಲಿ, ಅದರ ಹಿಂದೆ ಇದ್ದವರು ಬೆಂಗಳೂರಿನ ಡಾ. ಜಿ. ಥಾಮಸ್. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಬೆಂಗಳೂರಲ್ಲಿದೆ. ಇಂಥ ಕ್ಲಬ್ಬುಗಳಲ್ಲಿ ಪ್ರಿಂಟು, ಸ್ಲೈಡು ಹಿಡಿದು ಒಬ್ಬರಿಗೊಬ್ಬರು ಹೇಳಿಕೊಂಡೇ ಎಷ್ಟೋ ಜನ ಬೆಳೆದರು. ಸಲಾನ್, ಅಂದರೆ ಫೋಟೋ ಪ್ರದರ್ಶನದ ಸ್ಪರ್ಧೆಯಲ್ಲಿ ತೀರ್ಪುಗಾರರ ಮುಂದೆ ತೆಗೆದವರ ಹೆಸರು ಇರುವುದಿಲ್ಲ. ಅದನ್ನು ನಾವೂ ಮಾಡಬೇಕು. ದೊಡ್ಡ ಸ್ಟುಡಿಯೋದವರ ಫೋಟೋ ಅಂತ ಗೊತ್ತಾದ ಕೂಡಲೇ ನಮ್ಮ ಬಾಯಿ ಕಟ್ಟುತ್ತದೆ, ಹೊಸ ಹುಡುಗರದು ಅಂತ ಗೊತ್ತಾದರೆ ಸಲೀಸಾಗಿ ಬಿಚ್ಚುತ್ತದೆ.

ಆದರೆ ಸಲಾನ್ ಅಳತೆ ಪೂರ್ತಿ ನಮಗೆ ಹೊಂದುವುದಿಲ್ಲ. ಅಲ್ಲಿ ಒಂದು ಫೋಟೋ ಒಂಟಿಯಾಗಿ ನಿಲ್ಲಬೇಕು. ನಮ್ಮದು ಒಂದು ಮನೆಯ ದಿನ. ಲಗ್ನಪತ್ರಿಕೆ ಓದುವಾಗ ಕಿವಿಗೆ ಕೈ ಇಟ್ಟು ಕೇಳುವ ತಾತ, ತಾಂಬೂಲ ಬದಲಾಯಿಸುವಾಗ ಇಬ್ಬರು ಬೀಗರ ಕೈ, ಹುಡುಗಿಗೆ ಮಡಿಲು ತುಂಬುವ ಅತ್ತೆ. ಇವುಗಳಲ್ಲಿ ಒಂದೂ ಸ್ಪರ್ಧೆಗೆ ಹೋಗುವ ಫೋಟೋ ಅಲ್ಲದೇ ಇರಬಹುದು. ಹಿಂದೆ ಪ್ಲಾಸ್ಟಿಕ್ ಕುರ್ಚಿ ಕಾಣುತ್ತದೆ, ಟ್ಯೂಬ್‌ಲೈಟ್ ಕಾಣುತ್ತದೆ. ಆ ಕುರ್ಚಿ ತೆಗೆಯಬೇಕಿತ್ತು ಅನ್ನುವವರಿಗೆ ನಾನು ಹೇಳುವುದು, ತಾತನ ಕೈ ಸಿಕ್ಕಿದೆಯಾ ನೋಡಿ, ಅದು ಸಿಕ್ಕಿದ್ದರೆ ಕುರ್ಚಿ ಇರಲಿ.

ಇನ್ನೊಂದು ಥರದ ವಿಮರ್ಶೆ ಇದೆ. ಅದು ಶಟರ್ ಒತ್ತುವ ಮುಂಚೆ ಆಗಬೇಕಾದ್ದು. 2020ರ ನವೆಂಬರ್‌ನಲ್ಲಿ ತಲಕಾಡಿನ ಹತ್ತಿರ ಕಾವೇರಿಯಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮಾಡುವಾಗ ಒಂದು ಜೋಡಿ ನೀರುಪಾಲಾಯಿತು. ಮದುವೆ ಅದೇ ತಿಂಗಳಲ್ಲಿತ್ತು. ಆ ಸುದ್ದಿ ಓದಿದ ದಿನದಿಂದ ನಾನು ನೀರಿನ ಫೋಟೋ ಯಾವುದು ನೋಡಿದರೂ ಮೊದಲು ಬೆಳಕು ನೋಡುವುದಿಲ್ಲ. ಲೈಫ್ ಜಾಕೆಟ್ ದಡದಲ್ಲಾದರೂ ಇತ್ತಾ, ಈಜು ಬರುವವರು ಯಾರಿದ್ದರು, ಇಷ್ಟು ಉದ್ದದ ಬಟ್ಟೆ ಹಾಕಿ ಬಂಡೆ ಮೇಲೆ ಯಾಕೆ ಹತ್ತಿಸಿದಿರಿ ಅಂತ ಕೇಳುತ್ತೇನೆ. 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲೇ ಶೂಟ್ ನಡೆದು, ಗುತ್ತಿಗೆ ಮೇಲಿದ್ದ ವೈದ್ಯರ ಕೆಲಸ ಹೋಯಿತು. ಆ ಐಡಿಯಾ ಬಂದಾಗ ಕ್ಯಾಮೆರಾ ಹಿಡಿದವರಲ್ಲಿ ಒಬ್ಬರಾದರೂ ‘ಇದು ಬೇಡ ಸಾರ್’ ಅನ್ನಬಹುದಿತ್ತು. ನಿಮ್ಮ ಜೊತೆ ಬರುವ ಲೈಟ್ ಹುಡುಗನಿಗೆ ಆ ಮಾತು ಆಡುವ ಧೈರ್ಯ ಇದೆಯಾ? ನೀವು ಅವನಿಗೆ ಆ ಜಾಗ ಕೊಟ್ಟಿದ್ದೀರಾ? ಒಳ್ಳೆಯ ಫೋಟೋ ಬಂತು ಅಂತ ನಾವು ಸಭೆಯಲ್ಲಿ ಚಪ್ಪಾಳೆ ತಟ್ಟಿದರೆ, ಮುಂದಿನವರು ಅದಕ್ಕಿಂತ ತುದಿಗೆ ಹೋಗಿ ನಿಲ್ಲಿಸುತ್ತಾರೆ. ನಮ್ಮ ಮೆಚ್ಚುಗೆಗೂ ಜವಾಬ್ದಾರಿ ಇದೆ.

ಇನ್ನು ಕೇಳಿಸಿಕೊಳ್ಳುವವರ ವಿಷಯ.

ಮೊದಲನೆಯದು, ಒಂದೇ ಫೋಟೋ ತರಬೇಡಿ. ಆ ಕ್ಷಣದ ಹಿಂದಿನ ಮುಂದಿನ ಹತ್ತು ಫ್ರೇಮ್ ತನ್ನಿ, ಎಡಿಟ್ ಮಾಡದೆ. ಒಂದೇ ಫೋಟೋ ನೋಡಿ ನಾವು ಅದರ ಬಗ್ಗೆ ಮಾತ್ರ ಹೇಳಬಹುದು. ಹತ್ತು ನೋಡಿದರೆ ನೀವು ಕೆಲಸ ಮಾಡುವ ರೀತಿ ಗೊತ್ತಾಗುತ್ತದೆ. ಏಳನೆಯ ಫ್ರೇಮಿನಲ್ಲಿ ಹುಡುಗಿ ನಿಜವಾಗಿ ನಕ್ಕಿದ್ದಳು, ನೀವು ಒಂಬತ್ತನೆಯದನ್ನು ಆರಿಸಿದ್ದೀರಿ, ಯಾಕೆಂದರೆ ಒಂಬತ್ತರಲ್ಲಿ ಸೆರಗು ಚೆನ್ನಾಗಿ ಹಾರಿದೆ. ಈ ಮಾತು ನಿಮಗೆ ಒಂದೇ ಫೋಟೋದಿಂದ ಯಾರೂ ಹೇಳಲಾರರು.

ಎರಡನೆಯದು, ಜನ ಮಾತಾಡುವಾಗ ನಡುವೆ ವಿವರಣೆ ಕೊಡಬೇಡಿ. ‘ಅವತ್ತು ಮಳೆ ಬರೋ ಹಾಗಿತ್ತು’, ‘ಹುಡುಗ ಲೇಟಾಗಿ ಬಂದ’, ‘ಸೆಕ್ಯೂರಿಟಿಯವರು ಬಿಡಲಿಲ್ಲ’. ಇದೆಲ್ಲ ನಿಜವೇ. ಆದರೆ ಫೋಟೋ ಹೋದ ಕಡೆಯೆಲ್ಲ ನೀವು ಅದರ ಹಿಂದೆ ಹೋಗಿ ಇದನ್ನು ಹೇಳುವುದಕ್ಕೆ ಆಗಲ್ಲ. ಸುಮ್ನೆ ಬರೆದುಕೊಳ್ಳಿ. ಎಲ್ಲ ಮುಗಿದ ಮೇಲೆ ಕೇಳಿ, ಅವತ್ತು ಹೀಗಿತ್ತು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ. ಆಗ ಅದು ನೆಪ ಆಗುವುದಿಲ್ಲ, ಪ್ರಶ್ನೆ ಆಗುತ್ತದೆ. ಮಳೆಗಾಲದ ಸಕಲೇಶಪುರದಲ್ಲಿ ಕೆಲಸ ಮಾಡಿದವರು ಈ ಕೋಣೆಯಲ್ಲೇ ಇದ್ದಾರೆ, ಹೇಳಿಕೊಡುತ್ತಾರೆ.

ಪಾರ್ಟಿಯವರ ಮಾತನ್ನು ಕೇಳುವ ಬಗೆ ಬೇರೆ. ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ‘ನಾನು ದಪ್ಪ ಕಾಣ್ತಿದೀನಿ’ ಅಂತ ಹುಡುಗಿ ಹೇಳಿದರೆ ನಾವು ಒಳಗೊಳಗೇ ಬೇಜಾರು ಮಾಡಿಕೊಳ್ಳುತ್ತೇವೆ. ಫೈಲ್ ತೆಗೆದು ನೋಡಿ. 24 ಎಂಎಂ ವೈಡ್ ಲೆನ್ಸಿನಲ್ಲಿ ತೆಗೆದಿದ್ದೀರಿ, ಅವಳನ್ನು ಫ್ರೇಮಿನ ಅಂಚಿಗೆ ನಿಲ್ಲಿಸಿದ್ದೀರಿ. ವೈಡ್ ಲೆನ್ಸ್ ಅಂಚಿನಲ್ಲಿದ್ದವರನ್ನು ಎಳೆದು ಅಗಲ ಮಾಡುತ್ತದೆ. ತೋಳು ನೇರ ಪಕ್ಕೆಗೆ ಒತ್ತಿಕೊಂಡಿದೆ, ಒತ್ತಿದ ತೋಳು ಅಗಲವಾಗಿಯೇ ಕಾಣುತ್ತದೆ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ‘ನಮ್ಮಜ್ಜಿ ಫೋಟೋನೇ ಇಲ್ಲವಲ್ಲ’ ಅಂದರೆ, ಡ್ರೋನ್ ಹಾರಿಸುವ ಹೊತ್ತಿಗೆ ಅಜ್ಜಿ ಊಟಕ್ಕೆ ಕೂತಿದ್ದರು ಅಂತ ಅರ್ಥ.

ಒಪ್ಪಿಗೆ ವಿಷಯ ಹೇಳಿ ಮುಗಿಸುತ್ತೇನೆ, ಆಮೇಲೆ ಪ್ರಶ್ನೆ ಇದ್ದರೆ ಕೇಳಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿಕೊಳ್ಳಿ. ಯಾರಾದರೂ ದುಡ್ಡು ಕೊಟ್ಟು ಫೋಟೋ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದರ ಹಕ್ಕಿನ ಮೊದಲ ಒಡೆಯರು ತೆಗೆಸಿಕೊಂಡವರು. ನಾವಲ್ಲ. ಆದ್ದರಿಂದ ಹೀಗೆ ಸಭೆಗೆ ತರಬೇಕಾದರೂ ಕೇಳಿಯೇ ತರಬೇಕು. ಬುಕಿಂಗ್ ಮಾಡುವಾಗ ಕೊಡುವ ಕಾಗದದಲ್ಲೇ ಒಂದು ಸಾಲು ಹಾಕಿಸಿ: ಫೋಟೋಗ್ರಾಫರ್‌ಗಳ ನಡುವೆ ಕಲಿಕೆಗೆ ತೋರಿಸಬಹುದಾ, ಇಲ್ಲವಾ. ಇಬ್ಬರ ಸಹಿಯೂ ಇರಲಿ, ಹುಡುಗನ ಅಪ್ಪನದು ಮಾತ್ರ ಸಾಲದು. ನಿಶ್ಚಿತಾರ್ಥಗಳು ಮುರಿದುಬೀಳುತ್ತವೆ. ಅದು ಆದಾಗ ಆ ಹುಡುಗಿಯ ಫೋಟೋ ನಮ್ಮ ಗೋಡೆಯ ಮೇಲೆ, ನಮ್ಮ ಮೊಬೈಲಿನಲ್ಲಿ, ನಮ್ಮ ಸ್ಯಾಂಪಲ್ ಆಲ್ಬಮ್ಮಿನಲ್ಲಿ ಇನ್ನೂ ನಗುತ್ತಾ ಇರುತ್ತದೆ. ಅವಳು ಬಂದು ಕೇಳುವವರೆಗೂ ಕಾಯಬಾರದು. ಗೊತ್ತಾದ ದಿನವೇ ತೆಗೆಯಬೇಕು.

ಕೊನೆಯಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: ‘ಸಾರ್, ಪಾರ್ಟಿಗೆ ತುಂಬಾ ಇಷ್ಟ ಆಗಿ, ದೊಡ್ಡ ಫ್ರೇಮ್ ಹಾಕಿಸಿಕೊಂಡಿದ್ದಾರೆ. ಅದೇ ಫೋಟೋ ಇಲ್ಲಿ ತಂದರೆ ಚೆನ್ನಾಗಿಲ್ಲ ಅಂತೀರಿ. ಯಾರ ಮಾತು ಕೇಳಬೇಕು?’

ನಾನು ಹೇಳಿದ್ದು ಇಷ್ಟು. ಇಬ್ಬರದೂ ಕೇಳು, ಆದರೆ ಬೇರೆ ಬೇರೆ ವಿಷಯಕ್ಕೆ. ಅವರು ಯಾಕೆ ಇಷ್ಟಪಟ್ಟರು ಅಂತ ಅವರನ್ನೇ ಕೇಳು. ‘ಇದರಲ್ಲಿ ಅವರು ನನ್ನ ಕಡೆ ನೋಡ್ತಿದಾರೆ’ ಅನ್ನಬಹುದು. ಅದು ನಿನಗೆ ಸಿಕ್ಕಿದೆ, ನಿನ್ನದೇ ಸಂಪಾದನೆ, ಅದನ್ನು ಈ ಸಭೆ ಕಿತ್ತುಕೊಳ್ಳಲಾರದು. ಹಾಗೆಯೇ ಹಿಂದಿನ ವಿದ್ಯುತ್ ಕಂಬ ಹುಡುಗನ ತಲೆಯಿಂದ ಎದ್ದಿದೆ ಅಂತ ಇವರು ಹೇಳಿದರೆ, ಅದನ್ನೂ ಬರೆದುಕೋ. ನಿನ್ನ ಮುಂದಿನ ಆರ್ಡರ್ ಯಾವಾಗ?

ಭಾನುವಾರ ಅಂದ. ಹಾಗಾದರೆ ಭಾನುವಾರದ ಹತ್ತು ಫ್ರೇಮ್ ಮುಂದಿನ ಸಭೆಗೆ ತಗೊಂಡು ಬಾ ಅಂದೆ, ಜೋಡಿಯನ್ನು ಕೇಳಿ.